ಅನ್ನವೂ ಅರ್ಜಿಯೂ

ಕಳೆದ ವರ್ಷ ರಾಜ್ಯಶಾಸ್ತ್ರದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಅಂತರರಾಷ್ಟ್ರೀಯ ಕಾನೂನಿನ ಪಾಠವನ್ನು ಆರಂಭಿಸುತ್ತ, "ನಿರಾಶ್ರಿತ ಎಂದರೆ ಯಾರು?" ಎಂದು ಪ್ರಶ್ನಿಸಿದರು. ಹಿಂದಿನ ಬೆಂಚಿನಲ್ಲಿದ್ದ ನನ್ನ ಮಿತ್ರನೊಬ್ಬ ಎದ್ದು ನಿಂತು, "ನಾವೇ, ಸರ್" ಎಂದನು. ತರಗತಿಗೆ ತರಗತಿಯೇ ನಕ್ಕಿತು. ಅವನು ಮಾತ್ರ ನಗಲಿಲ್ಲ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪೊಂದರಿಂದ ಬರುವ ಹುಡುಗ ಅವನು. ಅವನ ಅಜ್ಜ ಪೂರ್ವ ಬಂಗಾಲದಲ್ಲಿ ಮನೆಮಠ ಬಿಟ್ಟು ಬಂದವರು; ಸರಕಾರ ಕೊಟ್ಟ ನೆಲದಲ್ಲಿ ಭತ್ತ ಬೆಳೆದು ಬದುಕು ಕಟ್ಟಿಕೊಂಡವರು. ಅವರ ಮನೆಯಲ್ಲಿ ಈಗ ಅನ್ನಕ್ಕೆ ಕೊರತೆಯಿಲ್ಲ. ಆದರೆ ಯಾವುದಾದರೊಂದು ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗಲೆಲ್ಲ "ನಿಮ್ಮ ಮೂಲದ ಕಾಗದ ತನ್ನಿ" ಎಂಬ ಮಾತು ಬರುತ್ತದೆಂದು ಅವನು ಆಮೇಲೆ ನನಗೆ ಹೇಳಿದನು.

ಅಂದಿನಿಂದ ಈ ವಿಷಯ ನನ್ನ ತಲೆಯನ್ನು ಬಿಟ್ಟಿಲ್ಲ. ಓದುತ್ತ ಹೋದಂತೆ ಅಮೆರಿಕದ ಅರಿಜೋನ ಸಂಸ್ಥಾನದ ಒಂದು ಸಣ್ಣ ಚರ್ಚಿನ ವೃತ್ತಾಂತ ಸಿಕ್ಕಿತು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ಕ್ರೈಸ್ತನಲ್ಲ. ಆದರೂ ಚರ್ಚುಗಳ ವಿಷಯವನ್ನೇ ಆರಿಸಿಕೊಳ್ಳಲು ಒಂದು ಸ್ವಂತ ಕಾರಣವುಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ತಂದೆತಾಯಿ ವರ್ಷದಲ್ಲಿ ಆರು ತಿಂಗಳು ಬೆಂಗಳೂರಿಗೆ ಗುಳೆ ಹೋಗುತ್ತಿದ್ದವರು. 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನಾವು ಒಂದು ಅರೆಬರೆ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದೆವು. ಶಾಲೆಗೆ ರಜೆ ಕೊಟ್ಟಿದ್ದರಿಂದ ನಾನೂ ಅವರ ಬಳಿಯಲ್ಲೇ ಇದ್ದೆ. ಅಕ್ಕಿಬೇಳೆ ತಂದುಕೊಟ್ಟವರು ಹಲವರು. ಅವರೆಲ್ಲರ ಋಣ ನಮ್ಮ ಮೇಲಿದೆ. ಅವರಲ್ಲಿ ಹತ್ತಿರದ ಒಂದು ಚರ್ಚಿನಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಮಾತ್ರ ಚೀಲ ಇಳಿಸಿ ಹೊರಟುಹೋಗಲಿಲ್ಲ. ಮೇಸ್ತ್ರಿ ಎಷ್ಟು ವಾರದ ಬಟವಾಡೆ ಬಾಕಿ ಇಟ್ಟಿದ್ದಾನೆಂದು ಕೇಳಿದರು. ನೋಟುಬುಕ್ಕು ತೆಗೆದು ಒಬ್ಬೊಬ್ಬರ ಹೆಸರು, ಊರು, ಕೆಲಸ ಮಾಡಿದ ದಿನಗಳು, ಇವನ್ನೆಲ್ಲ ಬರೆದುಕೊಳ್ಳತೊಡಗಿದರು. ನನ್ನ ತಾಯಿ ಹೆದರಿಕೊಂಡು, "ಬರೀಬ್ಯಾಡ್ರೀ ಅಮ್ಮಾರ, ನಾಳೆ ನಮ್ಮನ್ನ ಕೆಲಸದಾಗಿಂದ ತಗದಾರು" ಎಂದಳು. ಅವರು ಬರೆದೇ ಬರೆದರು. ಯಾರಿಗೋ ಫೋನು ಮಾಡಿದರು, ಮತ್ತೆ ಎರಡು ಸಲ ಬಂದರು. ಮೂರು ವಾರದ ಮೇಲೆ ಅರ್ಧ ಕೂಲಿ ಕೈಗೆ ಬಂತು. ಉಳಿದರ್ಧ ಇಂದಿಗೂ ಬಂದಿಲ್ಲ. ಆ ಅರ್ಧದಲ್ಲಿಯೇ ನಾವು ಆ ಮುಂಗಾರಿಗೆ ಬಿತ್ತನೆಯ ತೊಗರಿ ತಂದೆವು.

ಅನ್ನ ಕೊಡುವುದು ಒಂದು ಕೆಲಸ, ಅನ್ನ ತಪ್ಪಿದ್ದೇಕೆಂದು ಕೇಳುವುದು ಇನ್ನೊಂದು ಕೆಲಸ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಟೂಸಾನ್ ನಗರದ ಕಥೆಯನ್ನು ಓದಿದಾಗ ಹೊಳೆಯಿತು.

ಈಗ ಪ್ರಕೃತ ವಿಷಯಕ್ಕೆ ಬರೋಣ. ವಲಸೆಗಾರನೂ ನಿರಾಶ್ರಿತನೂ ಒಂದೇ ಅಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟವನು ವಲಸೆಗಾರ. ನಮ್ಮ ಸೀಮೆಯ ಗುಳೆಯ ಜನರೆಲ್ಲ ಈ ವರ್ಗಕ್ಕೆ ಸೇರಿದವರು. 1951ನೆಯ ಇಸವಿಯ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ, ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣದಿಂದ ತನಗೆ ಹಿಂಸೆಯಾದೀತೆಂಬ ಸಕಾರಣವಾದ ಭಯದಿಂದ ಸ್ವದೇಶದ ಹೊರಗಿರುವವನು ನಿರಾಶ್ರಿತ. ಅಂಥವನನ್ನು ಅವನ ಪ್ರಾಣಕ್ಕೆ ಅಪಾಯವಿರುವಲ್ಲಿಗೆ ಹಿಂದಕ್ಕೆ ದೂಡಬಾರದೆಂಬುದೇ ಆ ಒಡಂಬಡಿಕೆಯ ತಿರುಳು. ಪುಸ್ತಕದಲ್ಲಿ ಈ ಭೇದ ಸ್ಪಷ್ಟವಾಗಿಯೇ ಇದೆ. ಆದರೆ ಗಡಿಯಲ್ಲಿ ನಿಂತ ಅಧಿಕಾರಿ ಒಬ್ಬನನ್ನು ನೋಡಿ "ಇವನು ಕೂಲಿಗೆ ಬಂದವನು" ಎಂದು ಬರೆದುಬಿಟ್ಟರೆ ಅಲ್ಲಿಗೆ ಅವನ ಕಥೆ ಮುಗಿಯಿತು. ಹಾಗೆ ಬರೆಯುವ ಲೇಖನಿ ಯಾರ ಕೈಯಲ್ಲಿರುತ್ತದೆ ಎಂಬುದೇ ದೊಡ್ಡ ಪ್ರಶ್ನೆ.

ಮರೆಹೊಕ್ಕವರನ್ನು ಕಾಯುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. "ಶರಣಾಗತ ವಜ್ರಪಂಜರ" ಎಂಬ ಬಿರುದನ್ನು ನಮ್ಮ ಶಾಸನಗಳಲ್ಲಿ ಕಾಣುತ್ತೇವೆ. ಕ್ರೈಸ್ತರಲ್ಲಿಯೂ ಈ ಭಾವನೆ ಬಹಳ ಹಳೆಯದು. ಹಳೆಯ ಒಡಂಬಡಿಕೆಯಲ್ಲಿ, ಅರಿಯದೆ ಕೊಲೆ ಮಾಡಿದವನು ಓಡಿಹೋಗಿ ಪ್ರಾಣ ಉಳಿಸಿಕೊಳ್ಳಲೆಂದು ಆರು ಆಶ್ರಯ ನಗರಗಳನ್ನು ಏರ್ಪಡಿಸಿದ ವಿಷಯವಿದೆ; ಪರದೇಶಿಯನ್ನು ಪೀಡಿಸಬಾರದೆಂಬ ವಿಧಿಯೂ ಇದೆ. ಮತ್ತಾಯನ ಸುವಾರ್ತೆಯಂತೆ ಯೇಸುವೇ ಕೂಸಾಗಿದ್ದಾಗ ಹೆರೋದನ ಭಯದಿಂದ ಈಜಿಪ್ಟಿಗೆ ಒಯ್ಯಲ್ಪಟ್ಟವನು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಚರ್ಚಿನೊಳಗೆ ಹೊಕ್ಕ ಅಪರಾಧಿಗೆ ನಲವತ್ತು ದಿನಗಳ ರಕ್ಷಣೆಯಿತ್ತು. ಆಮೇಲೆ ಅವನು ನ್ಯಾಯಾಲಯಕ್ಕೆ ಒಪ್ಪಿಸಿಕೊಳ್ಳಬೇಕು, ಇಲ್ಲವೆ ದೇಶ ಬಿಡುವುದಾಗಿ ಪ್ರಮಾಣ ಮಾಡಬೇಕು. ಕಳ್ಳರು ಇದರ ದುರುಪಯೋಗ ಮಾಡಿಕೊಂಡದ್ದೂ ಉಂಟು. 17ನೆಯ ಶತಮಾನದ ಆರಂಭದಲ್ಲಿ ಆ ಪದ್ಧತಿಯನ್ನು ಕಾನೂನಿನಿಂದ ತೆಗೆದುಹಾಕಿದರು. ಹೀಗೆ ಅಳಿದುಹೋದದ್ದು 1980ರ ದಶಕದಲ್ಲಿ ಅಮೆರಿಕದ ಮರಳುಗಾಡಿನ ಅಂಚಿನಲ್ಲಿ ಮತ್ತೆ ತಲೆಯೆತ್ತಿತು.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಎಂಬ ಸಣ್ಣ ದೇಶದಲ್ಲಿ ಆಗ ಅಂತರ್ಯುದ್ಧ ಹತ್ತಿಕೊಂಡಿತ್ತು. 1992ರಲ್ಲಿ ಅದು ಮುಗಿಯುವಷ್ಟರಲ್ಲಿ ಸತ್ತವರು ಸುಮಾರು 75,000 ಮಂದಿ. ಬಡವರ ಪರವಾಗಿ ಮಾತನಾಡುತ್ತಿದ್ದ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು 1980ರ ಮಾರ್ಚ್ 24ರಂದು ಪೂಜೆ ಮಾಡುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ನೆರೆಯ ಗ್ವಾಟೆಮಾಲದ ಸ್ಥಿತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. ಜನ ಉತ್ತರಕ್ಕೆ ಓಡಿದರು. ಅದೇ ವರ್ಷದ ಜುಲೈ ತಿಂಗಳಲ್ಲಿ ಅರಿಜೋನದ ಮರಳುಗಾಡಿನಲ್ಲಿ ದಲ್ಲಾಳಿಗಳು ಕೈಬಿಟ್ಟುಹೋದ ಸಾಲ್ವಡಾರಿನ ಜನರ ಗುಂಪೊಂದರಲ್ಲಿ 13 ಮಂದಿ ಬಾಯಾರಿ ಸತ್ತರು. ಬದುಕುಳಿದವರಿಗೆ ಟೂಸಾನಿನ ಚರ್ಚುಗಳು ನೀರು, ಬಟ್ಟೆ, ಹಾಸಿಗೆ ಕೊಟ್ಟವು. ಇದಕ್ಕೆ ಯಾರದೂ ಆಕ್ಷೇಪಣೆ ಬರಲಿಲ್ಲ. ವಾಚಕರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಟೂಸಾನಿನ ಹತ್ತಿರ ಜಿಮ್ ಕಾರ್ಬೆಟ್ ಎಂಬುವರಿದ್ದರು. (ನಮ್ಮ ಹುಲಿ ಬೇಟೆಯ ಕಾರ್ಬೆಟ್ ಅಲ್ಲ.) ಕ್ವೇಕರ್ ಪಂಥದವರು, ಹಾರ್ವರ್ಡಿನಲ್ಲಿ ತತ್ತ್ವಶಾಸ್ತ್ರ ಓದಿ ಬಂದು ದನ, ಮೇಕೆ ಸಾಕುತ್ತಿದ್ದ ವಿಚಿತ್ರ ಮನುಷ್ಯ, ಸಂಧಿವಾತದಿಂದ ಕೈಕಾಲು ಸೊಟ್ಟಗಾಗಿದ್ದವು. 1981ರ ಮೇ ತಿಂಗಳಲ್ಲಿ ಅವರ ಮಿತ್ರರೊಬ್ಬರ ವಾಹನದಲ್ಲಿದ್ದ ಸಾಲ್ವಡಾರಿನ ಯುವಕನೊಬ್ಬನನ್ನು ಗಡಿ ಪೊಲೀಸರು ಹಿಡಿದೊಯ್ದ ಸುದ್ದಿ ತಿಳಿಯಿತು. ಅವನನ್ನು ಎಲ್ಲಿಟ್ಟಿದ್ದಾರೆಂದು ಕೇಳಲು ಕಾರ್ಬೆಟ್ ವಲಸೆ ಇಲಾಖೆಗೆ ಫೋನು ಮಾಡಿ, "ಟೂಸಾನಿನಿಂದ ಜಿಮ್ ಕಾರ್ಬೆಟ್ ಮಾತನಾಡುತ್ತಿದ್ದೇನೆ" ಎಂದು ಗತ್ತಿನಿಂದ ಹೇಳಿದರಂತೆ. ಅದೇ ಹೆಸರಿನ ಒಬ್ಬರು ಹಿಂದೆ ಆ ನಗರದ ಮೇಯರ್ ಆಗಿದ್ದರು! ಅಧಿಕಾರಿ ಎಲ್ಲ ವಿವರವನ್ನೂ ಕೊಟ್ಟುಬಿಟ್ಟ. ಸುಳ್ಳು ಹೇಳದೆಯೇ ಕೆಲಸವಾಯಿತು.

ಅಲ್ಲಿಂದ ಮುಂದಿನದು ನಗೆಯ ಮಾತಲ್ಲ. ಜೈಲಿಗೆ ಹೋದ ಕಾರ್ಬೆಟ್ಟರಿಗೆ ಅಂಥವರು ಇನ್ನೂ ಹಲವರು ಕಂಡರು. ತನ್ನ ಪರವಾಗಿ ಇಂಥ ವಕೀಲರು ಎಂದು ಒಂದು ಫಾರಮಿನ ಮೇಲೆ ಸಹಿ ಮಾಡಿದವನನ್ನು ವಿಚಾರಣೆಯಿಲ್ಲದೆ ಕಳುಹಿಸುವಂತಿರಲಿಲ್ಲ. ಸಹಿ ಮಾಡದವನಿಂದ "ಸ್ವಂತ ಇಚ್ಛೆಯಿಂದ ಮರಳುತ್ತೇನೆ" ಎಂಬ ಕಾಗದಕ್ಕೆ ರುಜು ಹಾಕಿಸಿಕೊಂಡು ವಿಮಾನ ಹತ್ತಿಸುತ್ತಿದ್ದರು. ಕಾರ್ಬೆಟ್ ಇನ್ನಷ್ಟು ಫಾರಂ ತರಲೆಂದು ಹೋಗಿ ಬರುವಷ್ಟರಲ್ಲಿ ಆ ಕೈದಿಗಳನ್ನು ಬೇರೆಲ್ಲಿಗೋ ಸಾಗಿಸಿಬಿಟ್ಟಿದ್ದರು. ಒಂದು ಹಾಳೆ ಕಾಗದ ಹೊತ್ತಿಗೆ ಒದಗದೆ ಮನುಷ್ಯರೇ ಕಣ್ಮರೆಯಾದರು. ಓದಿಲ್ಲದ ಮನೆಯಿಂದ ಬಂದ ನನ್ನಂಥವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೂಸಾನಿನ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚಿನ ಸಭಾಪಾಲಕ ಜಾನ್ ಫೈಫ್ ಮತ್ತು ಇತರರು ಮೊದಲು ಕಾನೂನಿನ ದಾರಿಯನ್ನೇ ಹಿಡಿದರು. ಜಾಮೀನಿಗೆ ಹಣ ಕೂಡಿಸಿದರು. ಕೆಲವರು ತಮ್ಮ ಮನೆಗಳನ್ನೇ ಅಡವಿಟ್ಟರು. ಅರ್ಜಿಯ ಮೇಲೆ ಅರ್ಜಿ ಬರೆಯಿಸಿದರು. ಅರ್ಜಿಗಳೆಲ್ಲ ತಿರಸ್ಕೃತವಾದವು. ಕಾರಣವೇನೆಂದರೆ, ಸಾಲ್ವಡಾರಿನ ಸರಕಾರಕ್ಕೆ ಆಯುಧ ಮತ್ತು ಹಣ ಕೊಡುತ್ತಿದ್ದುದು ಅಮೆರಿಕವೇ. ಆ ಸರಕಾರ ತನ್ನ ಜನರನ್ನು ಕೊಲ್ಲುತ್ತಿದೆಯೆಂದು ಒಪ್ಪಿಕೊಳ್ಳುವುದು ಹೇಗೆ? ಆದ್ದರಿಂದ ಅವರೆಲ್ಲ ಕೂಲಿಗೆ ಬಂದವರೆಂದು ಬರೆದದ್ದಾಯಿತು. 1984ರ ಲೆಕ್ಕ ನೋಡಿ: ಇರಾನಿನವರ ಅರ್ಜಿಗಳಲ್ಲಿ ಶೇಕಡ 60, ಆಫ್ಘನ್ನರದರಲ್ಲಿ 40, ಪೋಲೆಂಡಿನವರದರಲ್ಲಿ 32 ಒಪ್ಪಿಗೆಯಾದರೆ, ಸಾಲ್ವಡಾರಿನವರದು ಶೇಕಡ 3ಕ್ಕಿಂತ ಕಡಿಮೆ, ಗ್ವಾಟೆಮಾಲದವರದು 1ಕ್ಕಿಂತಲೂ ಕಡಿಮೆ. ವೈರಿ ದೇಶದಿಂದ ಓಡಿಬಂದವನು ನಿರಾಶ್ರಿತ, ಮಿತ್ರ ದೇಶದಿಂದ ಓಡಿಬಂದವನು ಕೂಲಿಕಾರ!

ಅಷ್ಟರಲ್ಲಿ ಕಾರ್ಬೆಟ್ ಮತ್ತು ಸಂಗಡಿಗರು ಗುಟ್ಟಾಗಿ ಜನರನ್ನು ಗಡಿ ದಾಟಿಸಿ ಮನೆಗಳಲ್ಲಿ ಇಟ್ಟುಕೊಳ್ಳತೊಡಗಿದ್ದರು. ಇಲಾಖೆಯ ಕಡೆಯಿಂದ ಎಚ್ಚರಿಕೆಯ ಮಾತು ಬಂತು. ಗುಟ್ಟಾಗಿ ಮಾಡಿ ಸಿಕ್ಕಿಬಿದ್ದರೆ ಕಳ್ಳಸಾಗಣೆಯವರೆಂಬ ಹೆಸರು; ನಿಲ್ಲಿಸಿದರೆ ಬಂದವರ ಸಾವು. ಚರ್ಚಿನ ಸದಸ್ಯರು ಸೇರಿ, ಚರ್ಚಿಸಿ, ಗುಪ್ತ ಮತದಾನ ಮಾಡಿದರು. ಬಹಿರಂಗವಾಗಿಯೇ ಮಾಡುವುದೆಂದು ಬಹುಮತದಿಂದ ತೀರ್ಮಾನವಾಯಿತು. 1982ರ ಮಾರ್ಚ್ 24ರಂದು, ರೊಮೆರೊ ಅವರ ಎರಡನೆಯ ವರ್ಷದ ಸ್ಮರಣೆಯ ದಿನ, ತಮ್ಮ ಚರ್ಚು ಮಧ್ಯ ಅಮೆರಿಕದ ನಿರಾಶ್ರಿತರಿಗೆ ಆಶ್ರಯಸ್ಥಾನವೆಂದು ಪತ್ರಿಕೆಗಳವರ ಮುಂದೆ ಸಾರಿದರು. ದೇಶದ ಅಟಾರ್ನಿ ಜನರಲ್‌ರಿಗೆ ಮುಂಚಿತವಾಗಿಯೇ ಕಾಗದ ಬರೆದು ತಿಳಿಸಿದ್ದರು. ಮುಂದಿನ ವರ್ಷಗಳಲ್ಲಿ ಕ್ಯಾಥೊಲಿಕ್, ಲೂಥರನ್, ಕ್ವೇಕರ್ ಸಭೆಗಳೂ ಯೆಹೂದ್ಯರ ಮಂದಿರಗಳೂ ಸೇರಿ ನೂರಾರು ಕಡೆ ಈ ಸಾರೋಣ ನಡೆಯಿತು.

ಇಲ್ಲಿ ಒಂದು ವಿಚಾರ ಗಮನಾರ್ಹವಾಗಿದೆ. ಇದು ಗಾಂಧೀಜಿಯವರ ಕಾನೂನುಭಂಗ ಚಳವಳಿಯಂತೆಯೇ ಎಂದು ನನಗೆ ಮೊದಲು ತೋರಿತು. ಕಾರ್ಬೆಟ್ ಹಾಗೆ ಒಪ್ಪುವುದಿಲ್ಲ. ಉಪ್ಪಿನ ಕಾನೂನು ಅನ್ಯಾಯದ್ದಾಗಿತ್ತು. ಅದನ್ನು ಮುರಿದದ್ದು ಸರಿ. ಆದರೆ ಅಮೆರಿಕದ 1980ನೆಯ ಇಸವಿಯ ನಿರಾಶ್ರಿತರ ಕಾಯಿದೆ ಒಳ್ಳೆಯದೇ. ಅದನ್ನು ಮುರಿಯುತ್ತಿರುವುದು ಸರಕಾರ, ನಡೆಸುತ್ತಿರುವುದು ನಾವು ಎಂಬುದು ಅವರ ವಾದ. ಅದಕ್ಕಾಗಿಯೇ ಅವರು ಬಂದವರನ್ನೆಲ್ಲ ಕಣ್ಣುಮುಚ್ಚಿ ಕರೆತರದೆ, ಒಬ್ಬೊಬ್ಬರನ್ನೂ ಕೂರಿಸಿ ವಿಚಾರಿಸಿ, ಕಾಯಿದೆಯ ಲಕ್ಷಣಕ್ಕೆ ಹೊಂದುವವರೇ ಎಂದು ನೋಡುತ್ತಿದ್ದರು. ಈ ವಾದದಲ್ಲಿ ಒಂದು ತೊಡಕಿದೆ. ಕಾಯಿದೆಯ ಅರ್ಥವನ್ನು ಪ್ರತಿಯೊಬ್ಬ ಪ್ರಜೆಯೂ ತಾನೇ ನಿರ್ಣಯಿಸತೊಡಗಿದರೆ ನ್ಯಾಯಾಲಯವೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಅಧ್ಯಾಪಕರೂ ಕೇಳಿದರು. ಬಾಗಿಲು ತೆರೆದಿಟ್ಟು, ಹೆಸರು ಹೇಳಿ, ಹಿಡಿಯುವುದಾದರೆ ಹಿಡಿಯಿರಿ ಎಂದು ನಿಂತವನು ನ್ಯಾಯಾಲಯವನ್ನು ತಪ್ಪಿಸಿಕೊಳ್ಳುತ್ತಿಲ್ಲ, ಕರೆಯುತ್ತಿದ್ದಾನೆ ಎಂಬುದೊಂದೇ ನನಗೆ ತೋರುವ ಉತ್ತರ.

ನ್ಯಾಯಾಲಯ ಬಂದೇ ಬಂತು. ಸರಕಾರ ಹಣ ಕೊಟ್ಟು ನೇಮಿಸಿದ ಗೂಢಚಾರರು ಭಕ್ತರ ವೇಷದಲ್ಲಿ ಚರ್ಚಿನೊಳಕ್ಕೆ ಬಂದು, ಬಟ್ಟೆಯೊಳಗೆ ಯಂತ್ರವಿಟ್ಟುಕೊಂಡು ಮಾತುಗಳನ್ನು ಮುದ್ರಿಸಿಕೊಂಡರು. 1985ರ ಜನವರಿಯಲ್ಲಿ 16 ಮಂದಿಯ ಮೇಲೆ ಆರೋಪ ಹೊರಿಸಲಾಯಿತು. 11 ಮಂದಿಯ ವಿಚಾರಣೆ ಅಕ್ಟೋಬರಿನಿಂದ ಮುಂದಿನ ಮೇ ತಿಂಗಳವರೆಗೆ ನಡೆಯಿತು. ಸಾಲ್ವಡಾರಿನಲ್ಲಿ ಏನು ನಡೆಯುತ್ತಿದೆ, ಇವರ ಧರ್ಮಶ್ರದ್ಧೆ ಏನು, ಅಂತರರಾಷ್ಟ್ರೀಯ ಕಾನೂನು ಏನು ಹೇಳುತ್ತದೆ ಎಂಬ ವಿಷಯಗಳನ್ನು ಜೂರಿಯ ಮುಂದೆ ತರಕೂಡದೆಂದು ನ್ಯಾಯಾಧೀಶರು ಅಪ್ಪಣೆ ಮಾಡಿದರು. ಹೇಳಬೇಕಾದದ್ದನ್ನೇ ಹೇಳುವಂತಿಲ್ಲವಾದ ಮೇಲೆ ಆರೋಪಿಗಳ ಪರವಾಗಿ ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಫೈಫ್, ಇಬ್ಬರು ಕ್ಯಾಥೊಲಿಕ್ ಪಾದ್ರಿಗಳು, ಒಬ್ಬ ಸನ್ಯಾಸಿನಿ ಸೇರಿ ಎಂಟು ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು; ಕಾರ್ಬೆಟ್ ಸೇರಿ ಮೂವರ ಬಿಡುಗಡೆಯಾಯಿತು. ಶಿಕ್ಷೆಯ ವೇಳೆಗೆ ಯಾರನ್ನೂ ಸೆರೆಮನೆಗೆ ಕಳುಹಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಟ್ಟರು. ಇದೇ ಫೈಫ್ 1992ರಲ್ಲಿ ತಮ್ಮ ಪಂಥದ ಅತ್ಯುನ್ನತ ಸಭೆಗೆ ಅಧ್ಯಕ್ಷರಾಗಿ ಚುನಾಯಿತರಾದರು.

ನೀರು, ಹಾಸಿಗೆ ಕೊಟ್ಟಾಗ ಸುಮ್ಮನಿದ್ದ ಸರಕಾರ, "ಇವರನ್ನು ಏಕೆ ಹಿಂದಕ್ಕೆ ಕಳುಹಿಸುತ್ತೀರಿ?" ಎಂದು ಕೇಳಿದೊಡನೆ ಗೂಢಚಾರರನ್ನು ಬಿಟ್ಟಿತು. ಆದರೆ ಫಲ ಕೊಟ್ಟದ್ದು ಆ ಪ್ರಶ್ನೆಯೇ. ಕ್ರಿಮಿನಲ್ ಮೊಕದ್ದಮೆ ನಡೆಯುತ್ತಿದ್ದಾಗಲೇ ಅಮೆರಿಕನ್ ಬ್ಯಾಪ್ಟಿಸ್ಟ್ ಚರ್ಚುಗಳೇ ಮೊದಲಾದ ಅನೇಕ ಧಾರ್ಮಿಕ ಸಂಸ್ಥೆಗಳು ಸರಕಾರದ ಮೇಲೆ ಸಿವಿಲ್ ದಾವೆ ಹೂಡಿದ್ದವು. ದೇಶ ನೋಡಿ ಅರ್ಜಿ ತೀರ್ಮಾನಿಸುವುದು ಪಕ್ಷಪಾತವೆಂಬುದು ಅದರ ಸಾರ. 1990ರ ಕೊನೆಯಲ್ಲಿ ಸರಕಾರ ರಾಜಿಗೆ ಬಂತು. 1991ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ಊರ್ಜಿತಗೊಳಿಸಿತು. ಎರಡು ಲಕ್ಷಕ್ಕೂ ಹೆಚ್ಚು ಜನರಿಗೆ ಮತ್ತೊಮ್ಮೆ ನಿಷ್ಪಕ್ಷಪಾತವಾದ ವಿಚಾರಣೆಯ ಹಕ್ಕು ದೊರೆಯಿತು. ಚರ್ಚುಗಳು ತಮ್ಮ ಗೋಡೆಗಳೊಳಗೆ ಬಚ್ಚಿಟ್ಟುಕೊಳ್ಳಬಹುದಾಗಿದ್ದವರು ಎಷ್ಟು ಸಾವಿರ ಜನ? ಒಂದು ದಾವೆ ಮಾಡಿದ ಕೆಲಸವೆಷ್ಟು?

ಹಾಗೆಂದ ಮಾತ್ರಕ್ಕೆ ಆ ಚಳವಳಿಯಲ್ಲಿ ಎಲ್ಲವೂ ಚೊಕ್ಕವಾಗಿತ್ತೆಂದು ತಿಳಿಯಬಾರದು. ಷಿಕಾಗೋ ನಗರದ ಕಾರ್ಯಕರ್ತರಿಗೂ ಟೂಸಾನಿನವರಿಗೂ ಜಗಳವಿತ್ತು. ಸರಕಾರದ ಯುದ್ಧನೀತಿಯನ್ನು ಬಯಲಿಗೆಳೆಯುವಂತೆ ವೇದಿಕೆಯ ಮೇಲೆ ಮಾತನಾಡಬಲ್ಲ ನಿರಾಶ್ರಿತರಿಗೆ ಪ್ರಾಶಸ್ತ್ಯ ಕೊಡಬೇಕೆಂದು ಷಿಕಾಗೋದವರು. ಬಾಗಿಲಿಗೆ ಬಂದವನ ಪ್ರಾಣವೇ ಮುಖ್ಯ, ಅವನ ಭಾಷಣವಲ್ಲ ಎಂದು ಟೂಸಾನಿನವರು. ಗುರುತು ಸಿಗದಂತೆ ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಊರೂರ ಚರ್ಚುಗಳಲ್ಲಿ ಆ ಜನ ತಮ್ಮ ಕಷ್ಟವನ್ನು ಮತ್ತೆ ಮತ್ತೆ ಹೇಳಬೇಕಾಗಿತ್ತು. ನನ್ನ ಮನಸ್ಸು ಟೂಸಾನಿನ ಕಡೆಗೆ ವಾಲುತ್ತದೆ. ಅಕ್ಕಿಚೀಲದೊಡನೆ ನಮ್ಮ ಫೋಟೋ ಹಿಡಿದುಕೊಂಡು ಹೋದವರ ನೆನಪು ನನಗಿನ್ನೂ ಮಾಸಿಲ್ಲ.

ಯೂರೋಪಿನ ಚರ್ಚುಗಳು ಬೇರೆ ಬೇರೆ ದಾರಿ ಹಿಡಿದಿವೆ. ಜರ್ಮನಿಯಲ್ಲಿ 1983ರಿಂದ ಚರ್ಚಿನ ಆಶ್ರಯದ ಪದ್ಧತಿ ಬೆಳೆದುಬಂದು, 2015ರಲ್ಲಿ ಸರಕಾರದೊಡನೆ ಒಂದು ತಿಳಿವಳಿಕೆಯಾಯಿತು: ಒಳಗಿರುವವನ ವಿವರವನ್ನೆಲ್ಲ ಬರೆದು ಚರ್ಚು ಇಲಾಖೆಗೆ ಕಡತ ಕಳುಹಿಸಬೇಕು, ಇಲಾಖೆ ಅದನ್ನು ಮತ್ತೆ ಪರಿಶೀಲಿಸಬೇಕು. ಇಟಲಿಯಲ್ಲಿ ಕ್ಯಾಥೊಲಿಕ್ಕರ ಸಾಂತ್ ಎಜಿದಿಯೊ ಸಮುದಾಯವೂ ಪ್ರಾಟೆಸ್ಟೆಂಟ್ ಸಭೆಗಳೂ ಕೂಡಿ, ಸಮುದ್ರದಲ್ಲಿ ಮುಳುಗಿ ಸಾಯುವುದನ್ನು ತಪ್ಪಿಸಲು, ಲೆಬನಾನಿನಲ್ಲಿದ್ದ ಸಿರಿಯದ ನಿರಾಶ್ರಿತರನ್ನು 2016ರಿಂದ ಸರಕಾರದ ಒಪ್ಪಿಗೆಯ ವೀಸಾದ ಮೇಲೆ ವಿಮಾನದಲ್ಲಿ ಕರೆತಂದರು. ಇನ್ನು ಹಾಲೆಂಡಿನ ಹೇಗ್ ನಗರದ ಬೆತೆಲ್ ಚರ್ಚಿನ ಸಂಗತಿಯಂತೂ ಸ್ವಾರಸ್ಯವಾದುದು. ಅಲ್ಲಿ ಆರಾಧನೆ ನಡೆಯುತ್ತಿರುವಾಗ ಪೊಲೀಸರು ಒಳಹೋಗುವಂತಿಲ್ಲ. ಗಡೀಪಾರಾಗಲಿದ್ದ ಅರ್ಮೇನಿಯದ ಒಂದು ಕುಟುಂಬಕ್ಕಾಗಿ 2018ರ ಅಕ್ಟೋಬರ್ 26ರಿಂದ 2019ರ ಜನವರಿ 30ರವರೆಗೆ ಹಗಲಿರುಳು ಆರಾಧನೆಯನ್ನು ನಿಲ್ಲಿಸಲೇ ಇಲ್ಲ! ನಮ್ಮ ಅಖಂಡ ಭಜನೆಯಂತೆ ನೂರಾರು ಪಾದ್ರಿಗಳು ಸರದಿಯ ಮೇಲೆ ನಡೆಸಿದರು. ಕೊನೆಗೆ ಆ ಕುಟುಂಬವಷ್ಟೇ ಅಲ್ಲ, ಅಂಥವೇ ಸುಮಾರು 700 ಮಕ್ಕಳ ಪ್ರಕರಣಗಳನ್ನು ಪುನಃ ಪರಿಶೀಲಿಸಲು ಸರಕಾರ ಒಪ್ಪಿತು.

ಅಮೆರಿಕದಲ್ಲಿ ಚರ್ಚು, ಶಾಲೆ, ಆಸ್ಪತ್ರೆಗಳೊಳಗೆ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ದಸ್ತಗಿರಿ ಮಾಡಕೂಡದೆಂದು 2011ರಲ್ಲಿ ಹೊರಡಿಸಿದ್ದ ಸೂಚನೆಯ ರಕ್ಷಣೆಯನ್ನು 2025ರ ಜನವರಿಯಲ್ಲಿ ತೆಗೆದುಹಾಕಲಾಯಿತು. ಕ್ವೇಕರ್ ಸಭೆಗಳು ಒಡನೆಯೇ ದಾವೆ ಹೂಡಿದವು. ಫೆಬ್ರವರಿಯಲ್ಲಿ ದಾವೆ ಹೂಡಿದವರ ಮಟ್ಟಿಗೆ ತಡೆಯಾಜ್ಞೆಯೂ ಸಿಕ್ಕಿತು. ಗೋಡೆ ತನ್ನಷ್ಟಕ್ಕೆ ತಾನು ಯಾರನ್ನೂ ಕಾಯುವುದಿಲ್ಲ.

ಭಾರತ 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕವಾದ ಒಂದು ಕಾಯಿದೆಯೂ ನಮ್ಮಲ್ಲಿಲ್ಲ. ಬೈಲುಕುಪ್ಪೆಯಲ್ಲಿ ಟಿಬೆಟ್ಟಿನವರಿಗೆ, ಸಿಂಧನೂರಿನಲ್ಲಿ ಬಂಗಾಲದವರಿಗೆ ನೆಲ ಕೊಟ್ಟ ನಾಡು ನಮ್ಮದು. ನೆಲ ಕೊಟ್ಟಷ್ಟು ಸುಲಭವಾಗಿ ಕಾಗದ ಕೊಟ್ಟಿಲ್ಲ. ಇನ್ನು ಗುಳೆಯ ಜನರಿಗೆ ಕಾಯಿದೆಗಳಿವೆ, ಕಾರ್ಡುಗಳಿವೆ, ತುಂಬಿಕೊಡುವವರಿಲ್ಲ.

ಈ ಲೇಖನವನ್ನು ಬರೆಯುವ ಮುನ್ನ ನಮ್ಮ ಪಟ್ಟಣದ ಚರ್ಚಿನ ಸಭಾಪಾಲಕರನ್ನು ಕಂಡು ಟೂಸಾನಿನ ಕಥೆ ಹೇಳಿದೆ. ಅವರು ಕೇಳಿ, "ನಮ್ಮದು ಅಷ್ಟು ದೊಡ್ಡ ಸಭೆಯಲ್ಲಪ್ಪ. ಕ್ರಿಸ್‌ಮಸ್ಸಿಗೆ ಕಂಬಳಿ ಹಂಚುತ್ತೇವೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾನುವಾರ ಮಧ್ಯಾಹ್ನ ಹಾಲ್ ಖಾಲಿ ಇರುತ್ತದೆ. ಮೇಜು ಇದೆ, ಬರೆಯುವವರಿಲ್ಲ. ನೀವು ಬರುತ್ತೀರಾ?" ಎಂದು ಕೇಳಿದರು. ನಾನೂ ಕ್ಯಾಂಪಿನ ಮಿತ್ರನೂ ಎರಡು ಭಾನುವಾರ ಹೋಗಿ ಕುಳಿತಿದ್ದೇವೆ. ಮೊದಲನೆಯ ವಾರ ಯಾರೂ ಬರಲಿಲ್ಲ. ಎರಡನೆಯ ವಾರ ದೀಪಾವಳಿ ಕಳೆದು ಗುಳೆ ಹೊರಡಲಿದ್ದ ಹೆಂಗಸೊಬ್ಬಳು ಬಂದು, ಇಲ್ಲಿಯ ರೇಷನ್ ಕಾರ್ಡಿಗೆ ಬೆಂಗಳೂರಿನಲ್ಲಿ ಅಕ್ಕಿ ಕೊಡುತ್ತಾರೆಯೇ ಎಂದು ಕೇಳಿದಳು. ಕೊಡಬೇಕು ಎಂದೆವು. "ಕೊಡಲಿಲ್ಲಂದ್ರ?" ಎಂದಳು. ನನ್ನ ಮಿತ್ರ ನೋಟುಬುಕ್ಕು ತೆರೆದು ಅವಳ ಹೆಸರು, ಕಾರ್ಡಿನ ನಂಬರು, ಹೋಗುವ ಊರು ಬರೆದುಕೊಂಡು, ನಮ್ಮ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟನು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.